ಉಪಶಾಮಕ ಆರೈಕೆ: ಜೀವನೀತಿ ಮತ್ತು ಆಧ್ಯಾತ್ಮಿಕ ಆಸರೆ

## ಉಪಶಾಮಕ ಆರೈಕೆ ಎಂದರೇನು?

ಗುಣವಾಗದ ಅಥವಾ ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆಯುಳ್ಳವರ ನೋವು, ಉಬ್ಬಸ, ವಾಂತಿ, ಆತಂಕ ಮೊದಲಾದ ಸಂಕಟಗಳನ್ನು ತಗ್ಗಿಸುವ ವೈದ್ಯಕೀಯ ವಿಭಾಗವೇ ಉಪಶಾಮಕ ಆರೈಕೆ. ರೋಗಿ ಬದುಕಿರುವಷ್ಟು ದಿನವೂ ಅವರು ಮತ್ತು ಅವರ ಮನೆಯವರು ನೆಮ್ಮದಿಯಿಂದ ಇರಲು ನೆರವಾಗುವುದು ಇದರ ಗುರಿ. ಆಸ್ಪತ್ರೆಗಳಲ್ಲಿ ಇದು ಪ್ಯಾಲಿಯೇಟಿವ್ ಕೇರ್ ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಈ ಆರೈಕೆಯು ರೋಗಿಯ ದೈಹಿಕ, ಮಾನಸಿಕ, ಸಾಮಾಜಿಕ ಮತ್ತು ಆಧ್ಯಾತ್ಮಿಕ ಸಂಕಟಗಳನ್ನು ಬೇಗನೆ ಗುರುತಿಸಿ ಶಮನಗೊಳಿಸುತ್ತದೆ. ಆಧ್ಯಾತ್ಮಿಕ ಸಂಕಟವೂ ಚಿಕಿತ್ಸೆಯ ವ್ಯಾಪ್ತಿಯೊಳಗೇ ಬರುತ್ತದೆ ಎಂಬುದನ್ನು ಈ ವ್ಯಾಖ್ಯೆ ಸ್ಪಷ್ಟವಾಗಿ ಹೇಳುತ್ತದೆ.

ಈ ಆರೈಕೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಮೀಸಲಲ್ಲ. ಹೃದಯ ವೈಫಲ್ಯ, ಶ್ವಾಸಕೋಶದ ದೀರ್ಘಕಾಲೀನ ರೋಗ, ಮೂತ್ರಪಿಂಡ ವೈಫಲ್ಯ, ಪಾರ್ಶ್ವವಾಯು, ಮರೆಗುಳಿ ರೋಗ, ಎಚ್‌ಐವಿ ಸೋಂಕು ಮುಂತಾದ ಸ್ಥಿತಿಗಳಲ್ಲಿಯೂ ಇದು ಅಗತ್ಯ. ಸಾವಿನ ಅಂಚಿನಲ್ಲಿರುವವರಿಗಷ್ಟೇ ಇದು ಬೇಕೆಂಬ ತಿಳಿವಳಿಕೆಯೂ ತಪ್ಪು. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸಾಕ್ಷಿ. ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಅವರ ಮಧ್ಯಾಂಕ ಆಯುಷ್ಯವೂ 8.9 ತಿಂಗಳ ಬದಲು 11.6 ತಿಂಗಳಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಅದು ದೊರೆಯುತ್ತಿರುವುದು ಸುಮಾರು ಶೇ. 14ರಷ್ಟು ಮಂದಿಗೆ ಮಾತ್ರ.

## ಬೆಳೆದುಬಂದ ಬಗೆ

ಆಧುನಿಕ ಉಪಶಾಮಕ ಆರೈಕೆಯ ಮೂಲಪುರುಷರ ಸಾಲಿನಲ್ಲಿ ಮೊದಲು ನಿಲ್ಲುವವರು ಒಬ್ಬ ಮಹಿಳೆ, ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಸಮಾಜಕಾರ್ಯಕರ್ತೆಯಾಗಿ, ಅನಂತರ ವೈದ್ಯೆಯಾಗಿ ದುಡಿದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ಆರಂಭಿಸಿದರು. ಗುಣಪಡಿಸಲಾಗದ ರೋಗಿಗಳ ಶುಶ್ರೂಷೆ, ಸಂಶೋಧನೆ ಮತ್ತು ಬೋಧನೆ ಮೂರೂ ಅಲ್ಲಿ ಒಂದೇ ಸೂರಿನಡಿ ನಡೆದವು.

ಭಾರತದ ಮೊದಲ ಹಾಸ್ಪಿಸ್ ಆದ ಶಾಂತಿ ಆವೇದನಾ 1986ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರ ಮುಂದಾಳತ್ವದಲ್ಲಿ 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಹುಟ್ಟಿದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯು ಸ್ಥಳೀಯ ಸ್ವಯಂಸೇವಕರ ಮೂಲಕ ಆರೈಕೆಯನ್ನು ಮನೆಬಾಗಿಲಿಗೆ ಒಯ್ದಿತು. ಕೇರಳವು 2008ರಲ್ಲಿ ಇದಕ್ಕಾಗಿಯೇ ನೀತಿಯೊಂದನ್ನು ಪ್ರಕಟಿಸಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಮಹಾರಾಷ್ಟ್ರ ಮತ್ತು ಕರ್ನಾಟಕ ಅನಂತರ ಅದೇ ಹಾದಿ ಹಿಡಿದವು. ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮವನ್ನು ರೂಪಿಸಿತು.

ಕರ್ನಾಟಕದಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1994ರಲ್ಲಿ ಸ್ಥಾಪನೆಯಾಯಿತು. ಅದರ ‘ಕರುಣಾಶ್ರಯ’ 1999ರಲ್ಲಿ ಬಾಗಿಲು ತೆರೆಯಿತು. ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಶುಲ್ಕವಿಲ್ಲದೆ ಆರೈಕೆ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಉಪಶಾಮಕ ಚಿಕಿತ್ಸಾ ವಿಭಾಗವಿದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ನಡೆಸಿಕೊಂಡು ಬಂದಿದೆ.

## ಸಮಗ್ರ ನೋವು

ಸಾಂಡರ್ಸ್ ಅವರ ಮುಖ್ಯ ಕೊಡುಗೆ ‘ಸಮಗ್ರ ನೋವು’ ಎಂಬ ಪರಿಕಲ್ಪನೆ. ನೋವಿಗೆ ದೇಹ, ಮನಸ್ಸು, ಸಂಸಾರ ಮತ್ತು ಆತ್ಮ ಎಂಬ ನಾಲ್ಕು ಮುಖಗಳಿವೆ, ಒಂದನ್ನು ಕಡೆಗಣಿಸಿದರೆ ಉಳಿದ ಮೂರೂ ಉಲ್ಬಣಿಸುತ್ತವೆ ಎಂಬುದು ಅದರ ಸಾರ.

ಶಿವಮೊಗ್ಗ ಜಿಲ್ಲೆಯ ಉದಾಹರಣೆಯಿಂದ ಇದನ್ನು ವಿವರಿಸಬಹುದು. ರಾಜ್ಯದಲ್ಲಿ ಅಡಿಕೆ ಹೇರಳವಾಗಿ ಬೆಳೆಯುವ ಜಿಲ್ಲೆಗಳಲ್ಲಿ ಇದೂ ಒಂದು. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನಷ್ಟು ಹೆಚ್ಚು. ಬಾಯಿಯ ಕ್ಯಾನ್ಸರ್ ಕೊನೆಯ ಹಂತಕ್ಕೆ ತಲುಪಿದ ಒಬ್ಬ ತೋಟದ ಕೂಲಿಕಾರರನ್ನು ಊಹಿಸಿಕೊಳ್ಳಬಹುದು. ಅವರ ಕೆನ್ನೆಯ ಹುಣ್ಣು ಉರಿಯುತ್ತದೆ. ಇದು ದೇಹದ ನೋವು. ಹುಣ್ಣಿನ ದುರ್ವಾಸನೆಯಿಂದ ಮೊಮ್ಮಕ್ಕಳು ಹತ್ತಿರ ಬಾರದಿದ್ದಾಗ ಆಗುವ ಅವಮಾನ ಮನಸ್ಸಿನ ನೋವು. ದುಡಿಮೆ ನಿಂತು ಕೈಸಾಲ ಬೆಳೆಯುವುದು ಸಂಸಾರದ ನೋವು. ‘ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ, ದೇವರು ನನಗೇ ಯಾಕೆ ಹೀಗೆ ಮಾಡಿದ’ ಎಂಬ ಪ್ರಶ್ನೆ ಆತ್ಮದ ನೋವು. ಮಾತ್ರೆ ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಆದ್ದರಿಂದಲೇ ವೈದ್ಯರು, ದಾದಿಯರು, ಆಪ್ತಸಮಾಲೋಚಕರು, ಸಮಾಜಕಾರ್ಯಕರ್ತರು ಮತ್ತು ಸ್ವಯಂಸೇವಕರು ಇಲ್ಲಿ ಒಂದು ತಂಡವಾಗಿ ಕೆಲಸ ಮಾಡುತ್ತಾರೆ.

## ನೋವು ಶಮನದ ವಿಧಾನ

ಕ್ಯಾನ್ಸರ್ ನೋವಿಗೆ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಹಂತಗಳಲ್ಲಿ ನಿರೂಪಿಸಿತು. ಮೊದಲು ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ನೋವುನಿವಾರಕ, ಅನಂತರ ಸೌಮ್ಯ ಅಫೀಮುಜನ್ಯ ಔಷಧ, ಕೊನೆಗೆ ಮಾರ್ಫಿನ್. ಔಷಧವನ್ನು ಸಾಧ್ಯವಾದಷ್ಟೂ ಬಾಯಿಯ ಮೂಲಕ, ನೋವು ಮರುಕಳಿಸುವ ಮುನ್ನವೇ, ಗಡಿಯಾರ ನೋಡಿ ಕೊಡಬೇಕೆಂಬುದು ಮುಖ್ಯ ನಿಯಮ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಇರುವುದರಿಂದ ಅದನ್ನು ನಾಲ್ಕು ಗಂಟೆಗೊಮ್ಮೆ ಕೊಡಲಾಗುತ್ತದೆ. ರಾತ್ರಿ ನಿದ್ದೆ ಕೆಡದಂತೆ ಮಲಗುವ ಹೊತ್ತಿಗೆ ಪ್ರಮಾಣವನ್ನು ಹೆಚ್ಚಿಸುವುದೂ ರೂಢಿ. ಮಾರ್ಫಿನ್ ಮಲಬದ್ಧತೆ ಉಂಟುಮಾಡುವುದರಿಂದ ಮಲ ಸಡಿಲಿಸುವ ಔಷಧ ಜೊತೆಗೇ ಇರಬೇಕು. ಕೊಳೆತು ನಾರುವ ಹುಣ್ಣಿನ ಮೇಲೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಅಗ್ಗದ ಈ ಒಂದು ಮಾತ್ರೆ ಮೊಮ್ಮಕ್ಕಳನ್ನು ಮತ್ತೆ ಹಾಸಿಗೆಯ ಬಳಿಗೆ ತರಬಲ್ಲದು.

ಮಾತನಾಡಲಾಗದ ರೋಗಿಗಳ ನೋವನ್ನು ನೋಡಿಯೇ ತಿಳಿಯಬೇಕಾಗುತ್ತದೆ. ಶಿವಮೊಗ್ಗ ಸಮೀಪದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಮಾವುತರು ಕಿವಿ ಮತ್ತು ಬಾಲದ ಚಲನೆ, ಮೇವು ತಿನ್ನುವ ಬಗೆಗಳಿಂದ ಆನೆಯ ಅಸ್ವಾಸ್ಥ್ಯವನ್ನು ಗ್ರಹಿಸುವಂತೆ, ದಾದಿಯರು ಮರೆಗುಳಿ ರೋಗ ಮುಂದುವರಿದವರ ದೇಹವನ್ನು ಓದುತ್ತಾರೆ. ಉಸಿರಾಟ, ನರಳುವ ಸದ್ದು, ಮುಖಭಾವ, ದೇಹದ ಬಿಗಿತ, ಸಮಾಧಾನಕ್ಕೆ ಸ್ಪಂದಿಸುವ ರೀತಿ ಎಂಬ ಐದು ಅಂಶಗಳಿಗೆ ತಲಾ 0ಯಿಂದ 2ರವರೆಗೆ ಅಂಕ ಕೊಟ್ಟು 10ಕ್ಕೆ ಲೆಕ್ಕ ಹಾಕುವ ಮಾಪಕವೊಂದು ಇದಕ್ಕಾಗಿ ಬಳಕೆಯಲ್ಲಿದೆ.

ಭಾರತವು ಮಾರ್ಫಿನ್‌ನ ಮೂಲವಾದ ಅಫೀಮನ್ನು ಪರವಾನಗಿಯ ಅಡಿಯಲ್ಲಿ ಬೆಳೆಯುವ ದೇಶ. ಆದರೂ 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿ ನಿಯಮಗಳು ಮತ್ತು ರಾಜ್ಯಕ್ಕೊಂದು ಬಗೆಯ ಪರವಾನಗಿ ಪದ್ಧತಿಯಿಂದಾಗಿ ಮಾರ್ಫಿನ್ ರೋಗಿಗಳ ಕೈಗೆ ಎಟುಕದಂತಾಯಿತು. 2014ರ ತಿದ್ದುಪಡಿ ಮಾರ್ಫಿನ್ ಮೊದಲಾದವನ್ನು ‘ಅತ್ಯಗತ್ಯ ಮಾದಕ ಔಷಧ’ಗಳೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವನ್ನು ಇಟ್ಟುಕೊಳ್ಳುವ ಕ್ರಮವನ್ನು ದೇಶಕ್ಕೆಲ್ಲ ಏಕರೂಪಗೊಳಿಸಿತು. ಕಾನೂನಿನ ಅಡಚಣೆ ಕಡಿಮೆಯಾಗಿದೆ. ತರಬೇತಿ ಪಡೆದ ವೈದ್ಯರ ಕೊರತೆ ಮತ್ತು ವ್ಯಸನದ ಬಗೆಗಿನ ಅತಿಯಾದ ಭಯ ಇನ್ನೂ ಉಳಿದಿವೆ.

## ಜೀವನೀತಿಶಾಸ್ತ್ರದ ನಾಲ್ಕು ತತ್ತ್ವಗಳು

ಜೀವನ, ಆರೋಗ್ಯ ಮತ್ತು ವೈದ್ಯಕೀಯ ನಿರ್ಧಾರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ವಿವೇಚಿಸುವ ಶಾಸ್ತ್ರವೇ ಜೀವನೀತಿಶಾಸ್ತ್ರ. ಇದಕ್ಕೆ ಬಯೋಎಥಿಕ್ಸ್ ಎಂಬ ಇಂಗ್ಲಿಷ್ ಹೆಸರನ್ನು 1970ರ ಸುಮಾರಿಗೆ ಪ್ರಚುರಪಡಿಸಿದವರು ಅಮೆರಿಕದ ಕ್ಯಾನ್ಸರ್ ಸಂಶೋಧಕ ವ್ಯಾನ್ ರೆನ್ಸೆಲರ್ ಪಾಟರ್. ಟಾಮ್ ಬೋಶಾಂಪ್ ಮತ್ತು ಜೇಮ್ಸ್ ಚೈಲ್ಡ್ರೆಸ್ 1979ರಲ್ಲಿ ನಿರೂಪಿಸಿದ ನಾಲ್ಕು ತತ್ತ್ವಗಳು ಇಂದು ವೈದ್ಯಕೀಯ ಶಿಕ್ಷಣದಲ್ಲಿ ಎಲ್ಲೆಡೆ ಬಳಕೆಯಲ್ಲಿವೆ.

ಮೊದಲನೆಯದು ಸ್ವಾಯತ್ತತೆ: ತನ್ನ ದೇಹದ ಬಗ್ಗೆ ನಿರ್ಧರಿಸುವ ಹಕ್ಕು ರೋಗಿಯದು. ಎರಡನೆಯದು ಹಿತಸಾಧನೆ: ಮಾಡುವ ಪ್ರತಿಯೊಂದು ಚಿಕಿತ್ಸೆಯೂ ರೋಗಿಗೆ ಒಳಿತಾಗಬೇಕು. ಮೂರನೆಯದು ಅಹಿತ ವರ್ಜನೆ: ಒಳಿತಿಗಿಂತ ಕೆಡುಕು ಹೆಚ್ಚಾಗುವಂತಿದ್ದರೆ ಆ ಚಿಕಿತ್ಸೆ ಬೇಡ. ನಾಲ್ಕನೆಯದು ನ್ಯಾಯ: ಆರೈಕೆಯು ಊರು, ಹಣ, ಜಾತಿ, ಲಿಂಗಗಳ ಭೇದವಿಲ್ಲದೆ ದೊರೆಯಬೇಕು. ಕೆಲವೊಮ್ಮೆ ಈ ತತ್ತ್ವಗಳು ಪರಸ್ಪರ ತಾಕಲಾಡುತ್ತವೆ. ಆಗ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಆಯಾ ರೋಗಿಯ ಸಂದರ್ಭದಲ್ಲಿ ಅಳೆಯುವುದೇ ಜೀವನೀತಿಯ ಕೆಲಸ.

ಮಾರ್ಫಿನ್ ಕೊಟ್ಟರೆ ಆಯುಷ್ಯ ಕುಗ್ಗುತ್ತದೆಯೇ ಎಂಬ ಪ್ರಶ್ನೆ ಹಲವರನ್ನು ಕಾಡುತ್ತದೆ. ನೋವಿಗೆ ತಕ್ಕಂತೆ ಹಂತಹಂತವಾಗಿ ಹೆಚ್ಚಿಸಿದ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ ಎಂಬುದು ಈ ಕ್ಷೇತ್ರದ ದೀರ್ಘಕಾಲದ ಅನುಭವ. ನೀತಿಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದೇ ಕ್ರಿಯೆಗೆ ಒಳ್ಳೆಯ ಮತ್ತು ಕೆಟ್ಟ ಪರಿಣಾಮಗಳೆರಡೂ ಸಾಧ್ಯವಿದ್ದಾಗ, ಉದ್ದೇಶ ಒಳ್ಳೆಯದಾಗಿದ್ದು ಪ್ರಮಾಣ ಸಮತೋಲನದಲ್ಲಿದ್ದರೆ ಆ ಕ್ರಿಯೆ ಸಮ್ಮತ. ‘ದ್ವಿಪರಿಣಾಮ ಸಿದ್ಧಾಂತ’ ಎಂಬ ಈ ವಿಚಾರಕ್ಕೆ ಮಧ್ಯಯುಗದ ಯುರೋಪಿನ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಅವರ ಬರಹದಲ್ಲಿ ಬೇರುಗಳಿವೆ.

## ಸತ್ಯವನ್ನು ಹೇಳಬೇಕೆ?

‘ಅಪ್ಪನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಂಡುಬಿಡ್ತಾರೆ.’ ಆಸ್ಪತ್ರೆಯ ಕಾರಿಡಾರಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮಕ್ಕಳ ಈ ಬೇಡಿಕೆಯ ಹಿಂದೆ ಇರುವುದು ಪ್ರೀತಿ. ಆದರೆ ರೋಗಿಗಳಲ್ಲಿ ಹೆಚ್ಚಿನವರು ತಮ್ಮ ದೇಹದ ಬದಲಾವಣೆಯಿಂದಲೇ ವಿಷಯವನ್ನು ಊಹಿಸಿರುತ್ತಾರೆ. ಮನೆಯವರು ನೊಂದುಕೊಂಡಾರೆಂದು ಅವರೂ ಸುಮ್ಮನಿರುತ್ತಾರೆ. ಹೀಗೆ ಒಂದೇ ಮನೆಯಲ್ಲಿ ಎರಡೂ ಕಡೆಯವರು ಒಂಟಿಯಾಗುತ್ತಾರೆ. ತೋಟದ ಪಾಲು, ಮಗಳ ಮದುವೆ, ಮುನಿಸಿಕೊಂಡ ತಮ್ಮನೊಡನೆ ರಾಜಿ ಮುಂತಾದ ಮುಗಿಸಬೇಕಾದ ಕೆಲಸಗಳು ಹಾಗೆಯೇ ಉಳಿದುಬಿಡುತ್ತವೆ.

ಜೀವನೀತಿ ಇಲ್ಲಿ ಮಧ್ಯಮಾರ್ಗವೊಂದನ್ನು ಸೂಚಿಸುತ್ತದೆ. ತಿಳಿಯುವ ಹಕ್ಕು ರೋಗಿಗಿದೆ. ತಿಳಿಯದಿರುವ ಹಕ್ಕೂ ಇದೆ. ಆದ್ದರಿಂದ ವೈದ್ಯರು ಮೊದಲು ಕೇಳುತ್ತಾರೆ, ಆಮೇಲೆ ಹೇಳುತ್ತಾರೆ. ಏಕಾಂತದ ಜಾಗದಲ್ಲಿ ಕುಳಿತು, ರೋಗಿಗೆ ಈಗಾಗಲೇ ಏನು ಗೊತ್ತಿದೆ ಎಂದು ವಿಚಾರಿಸಿ, ಎಷ್ಟು ತಿಳಿಯಲು ಬಯಸುತ್ತಾರೆಂದು ಅರಿತು, ಅಷ್ಟನ್ನೇ ಸರಳ ಮಾತಿನಲ್ಲಿ ತಿಳಿಸಿ, ಅವರ ಭಾವನೆಗಳಿಗೆ ಸಮಯ ಕೊಟ್ಟು, ಮುಂದಿನ ಯೋಜನೆಯನ್ನು ವಿವರಿಸುವುದು ಇದರ ಕ್ರಮ. ‘ಇನ್ನು ಏನೂ ಮಾಡೋಕೆ ಆಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ವಾಕ್ಯಕ್ಕೆ ಈ ಕ್ರಮದಲ್ಲಿ ಸ್ಥಳವಿಲ್ಲ. ರೋಗ ಗುಣವಾಗದಿದ್ದರೂ ನೋವು, ಉಬ್ಬಸ, ಭಯಗಳಿಗೆ ಮಾಡಬೇಕಾದದ್ದು ಯಾವಾಗಲೂ ಇರುತ್ತದೆ.

ಭರವಸೆಯ ಹುಡುಕಾಟವೂ ಇದೇ ಪ್ರಶ್ನೆಗೆ ಸೇರಿದ್ದು. ಸಾಗರ ತಾಲ್ಲೂಕಿನ ಆನಂದಪುರ ಸಮೀಪದ ನರಸೀಪುರದಲ್ಲಿ ಮರದ ಚಕ್ಕೆಯ ನಾಟಿ ಔಷಧಕ್ಕಾಗಿ ಹೊರರಾಜ್ಯಗಳಿಂದಲೂ ಬಂದ ಕ್ಯಾನ್ಸರ್ ರೋಗಿಗಳ ಕುಟುಂಬದವರು ವರ್ಷಗಳ ಕಾಲ ಸರದಿಯಲ್ಲಿ ನಿಂತದ್ದನ್ನು ಜಿಲ್ಲೆಯ ಜನ ಕಂಡಿದ್ದಾರೆ. ಇಂಥ ಆಯ್ಕೆಗಳ ಬಗ್ಗೆ ವೈದ್ಯರು ಗದರಿಸದೆ ಕೇಳಬೇಕು. ಗದರಿಸಿದರೆ ರೋಗಿ ವಿಷಯ ಮುಚ್ಚಿಡುತ್ತಾರೆ. ನೋವಿನ ಮಾತ್ರೆಯನ್ನೂ ಹೇಳದೆ ಕೇಳದೆ ನಿಲ್ಲಿಸಿಬಿಡುವ ಅಪಾಯವಿದೆ.

## ಚಿಕಿತ್ಸೆಗೆ ಮಿತಿ: ನೀತಿ ಮತ್ತು ಕಾನೂನು

ಕೃತಕ ಉಸಿರಾಟದ ಯಂತ್ರ, ಡಯಾಲಿಸಿಸ್, ಎದೆ ಒತ್ತಿ ಹೃದಯವನ್ನು ಮತ್ತೆ ಚಲಿಸುವಂತೆ ಮಾಡುವ ಕ್ರಮ ಇವೆಲ್ಲ ಅನೇಕರ ಜೀವ ಉಳಿಸಿವೆ. ಚೇತರಿಕೆಯ ಸಾಧ್ಯತೆಯೇ ಇಲ್ಲದ ರೋಗಿಗೆ ಇವು ಸಾಯುವ ಪ್ರಕ್ರಿಯೆಯನ್ನಷ್ಟೇ ಹಿಗ್ಗಿಸುತ್ತವೆ. ಅಂಥ ಸ್ಥಿತಿಯಲ್ಲಿ ಅವನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು ರೋಗವು ತನ್ನ ಸಹಜ ಗತಿಯಲ್ಲಿ ಸಾಗಲು ಬಿಡುವುದು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಬೇರೆಯೇ ಕ್ರಿಯೆ. ಅದು ಭಾರತದಲ್ಲಿ ಅಪರಾಧ. ‘ನಿಷ್ಕ್ರಿಯ ದಯಾಮರಣ’ ಎಂಬ ಪದಪ್ರಯೋಗ ಈ ಎರಡನ್ನೂ ಬೆರೆಸಿ ಗೊಂದಲ ಹುಟ್ಟಿಸುವುದರಿಂದ ಅದನ್ನು ಕೈಬಿಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2018ರ ಪರಿಭಾಷಾ ದಾಖಲೆಯಲ್ಲಿ ಸೂಚಿಸಿದೆ.

ಮುಂಬೈಯ ಆಸ್ಪತ್ರೆಯೊಂದರಲ್ಲಿ ದಶಕಗಳ ಕಾಲ ಪ್ರಜ್ಞಾಹೀನ ಸ್ಥಿತಿಯಲ್ಲಿದ್ದ ದಾದಿ ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ಮೊದಲ ಬಾರಿಗೆ ಈ ವಿಷಯದಲ್ಲಿ ಮಾರ್ಗಸೂಚಿ ನೀಡಿತು. ‘ಕಾಮನ್ ಕಾಸ್’ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಘೋಷಿಸಿತು. ಅಂದು ವಿಧಿಸಿದ ಕ್ರಮ ಬಲು ತೊಡಕಿನದಾಗಿದ್ದರಿಂದ 2023ರ ಜನವರಿ 24ರಂದು ನ್ಯಾಯಾಲಯ ಅದನ್ನು ಸರಳಗೊಳಿಸಿತು.

ಈಗಿನ ಕ್ರಮ ಹೀಗಿದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಅಭಿಪ್ರಾಯ ನೀಡುತ್ತದೆ. ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರೊಬ್ಬರು ಮತ್ತು ಬೇರೆ ಇಬ್ಬರು ತಜ್ಞರ ದ್ವಿತೀಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ನಿರ್ಧರಿಸಬೇಕು. ರೋಗಿ ಮೊದಲೇ ಹೆಸರಿಸಿದವರ ಅಥವಾ ಹತ್ತಿರದ ಸಂಬಂಧಿಕರ ಒಪ್ಪಿಗೆ ಬೇಕು. ತೀರ್ಮಾನವನ್ನು ಜಾರಿಗೊಳಿಸುವ ಮುನ್ನ ನ್ಯಾಯಿಕ ದಂಡಾಧಿಕಾರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಈ ಮಂಡಳಿಗಳ ರಚನೆಗೆ ದಾರಿ ಮಾಡಿಕೊಟ್ಟಿತು. ಶಿವಮೊಗ್ಗದ ನೆರೆಯ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದ್ದರು.

## ಮುಂಗಡ ವೈದ್ಯಕೀಯ ನಿರ್ದೇಶನ

ಮುಂದೆ ತಾನು ನಿರ್ಧರಿಸಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಪತ್ರವೇ ಮುಂಗಡ ವೈದ್ಯಕೀಯ ನಿರ್ದೇಶನ. ಇದನ್ನು ಲಿವಿಂಗ್ ವಿಲ್ ಎಂದೂ ಕರೆಯುತ್ತಾರೆ. 18 ವರ್ಷ ತುಂಬಿದ, ಸ್ವಸ್ಥಚಿತ್ತರಾದ ಯಾರು ಬೇಕಾದರೂ ಇದನ್ನು ಬರೆಯಬಹುದು. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ತನ್ನ ಪರವಾಗಿ ನಿರ್ಧರಿಸುವ ಆಪ್ತರ ಹೆಸರನ್ನು ಸೂಚಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದುಪಡಿಸಬಹುದು. ನೋವು ಶಮನ ಮತ್ತು ಶುಶ್ರೂಷೆಯನ್ನು ಈ ಪತ್ರ ನಿಲ್ಲಿಸುವುದಿಲ್ಲ. ಅವು ಕೊನೆಯವರೆಗೂ ನಡೆಯುತ್ತವೆ. ಹಿರಿಯರು ‘ಅನಾಯಾಸ ಮರಣ’ ಬೇಕೆಂದು ದೇವರಲ್ಲಿ ಕೇಳಿಕೊಳ್ಳುವ ಕನ್ನಡ ಮನೆಗಳಲ್ಲಿ ಅದಕ್ಕೆ ಕಾನೂನುಬದ್ಧ ರೂಪ ಕೊಡುವ ಸಾಧನವಿದು.

## ಆಧ್ಯಾತ್ಮಿಕ ಆಸರೆ ಮತ್ತು ಅದರ ವಿಧಾನ

ಬದುಕಿನ ಅರ್ಥ ಮತ್ತು ಉದ್ದೇಶವನ್ನು ಮನುಷ್ಯ ಅರಸುವ ಬಗೆ, ತನ್ನೊಂದಿಗೆ, ಇತರರೊಂದಿಗೆ, ಪ್ರಕೃತಿಯೊಂದಿಗೆ ಹಾಗೂ ತಾನು ಪವಿತ್ರವೆಂದು ನಂಬಿದ್ದರೊಂದಿಗೆ ಅವನಿಗಿರುವ ನಂಟು ಇವನ್ನು ಆರೋಗ್ಯ ಕ್ಷೇತ್ರದಲ್ಲಿ ಆಧ್ಯಾತ್ಮಿಕತೆ ಎಂದು ಪರಿಗಣಿಸಲಾಗುತ್ತದೆ. ಧರ್ಮ ಇದರ ಒಂದು ದಾರಿ. ದೇವರನ್ನು ನಂಬದವರಿಗೂ ಈ ಹಸಿವು ಇರುತ್ತದೆ. ಮಗಳು ಓದು ಮುಗಿಸುವುದನ್ನು ನೋಡಬೇಕೆಂಬ ಆಸೆ, ತಾನು ನೆಟ್ಟ ತೋಟಕ್ಕೆ ಕೊನೆಯ ಬಾರಿ ಹೋಗಬೇಕೆಂಬ ಹಂಬಲ ಕೂಡ ಇದರ ರೂಪಗಳೇ.

ಆಧ್ಯಾತ್ಮಿಕ ಸಂಕಟವನ್ನು ರೋಗಿಗಳ ಮಾತುಗಳಿಂದಲೇ ಗುರುತಿಸಬಹುದು. ‘ಯಾವ ಜನ್ಮದ ಕರ್ಮವೋ’, ‘ಮಕ್ಕಳಿಗೆ ಭಾರವಾಗಿಬಿಟ್ಟೆ’, ‘ಮನೆದೇವರ ಹರಕೆ ತೀರಿಸದೆ ಹೋಗುತ್ತೇನೆ’ ಎಂಬವು ಅದರ ಲಕ್ಷಣಗಳು. ಇವನ್ನು ವ್ಯವಸ್ಥಿತವಾಗಿ ಅರಿಯಲು ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ರೂಪಿಸಿದ ನಾಲ್ಕು ಪ್ರಶ್ನೆಗಳ ಕ್ರಮ ಪ್ರಸಿದ್ಧವಾಗಿದೆ. ಕಷ್ಟದಲ್ಲಿ ನಿಮಗೆ ಬಲ ಕೊಡುವುದು ಯಾವುದು? ಕಾಯಿಲೆಯ ಈ ದಿನಗಳಲ್ಲಿ ಅದು ನಿಮಗೆಷ್ಟು ಮುಖ್ಯ? ನಿಮ್ಮ ನಂಬಿಕೆಯಲ್ಲಿ ಜೊತೆಗಿರುವ ಜನ ಯಾರು? ಈ ವಿಷಯದಲ್ಲಿ ನಾವು ಏನು ಮಾಡಬೇಕೆಂದು ಬಯಸುತ್ತೀರಿ? ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೋವ್ ರೂಪಿಸಿದ ‘ಘನತಾ ಚಿಕಿತ್ಸೆ’ ಇನ್ನೊಂದು ವಿಧಾನ. ಇದರಲ್ಲಿ ರೋಗಿಯ ಜೀವನವೃತ್ತಾಂತವನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿ, ಬರಹಕ್ಕಿಳಿಸಿ ಕುಟುಂಬಕ್ಕೆ ಒಪ್ಪಿಸಲಾಗುತ್ತದೆ.

ಈ ಆರೈಕೆಗೆ ಕಟ್ಟುನಿಟ್ಟಾದ ಎಲ್ಲೆಯೂ ಉಂಟು. ಆರೈಕೆ ಮಾಡುವವರು ತಮ್ಮ ಧರ್ಮವನ್ನು ಬೋಧಿಸುವಂತಿಲ್ಲ. ಕರ್ಮದ ಫಲವೆಂದು ರೋಗಿಯನ್ನು ದೂಷಿಸುವಂತಿಲ್ಲ, ಪವಾಡದ ಆಸೆ ಹುಟ್ಟಿಸುವಂತಿಲ್ಲ. ‘ನನಗೇ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಅವರದಲ್ಲ. ಆ ಪ್ರಶ್ನೆಯನ್ನು ಕೇಳುತ್ತ ಪಕ್ಕದಲ್ಲಿ ಕುಳಿತಿರುವುದು ಅವರ ಹೊಣೆ. ಸ್ವಾಯತ್ತತೆಯ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ: ದಾರಿ ರೋಗಿಯದು, ಜೊತೆ ಮಾತ್ರ ಆರೈಕೆದಾರರದು.

## ಆಚರಣೆ ಮತ್ತು ಶುಶ್ರೂಷೆ

ಕೊನೆಯ ದಿನಗಳಲ್ಲಿ ರೋಗಿಗೆ ಹಸಿವೆ, ಬಾಯಾರಿಕೆ ತಾನಾಗಿಯೇ ಕುಗ್ಗುತ್ತವೆ. ಅನ್ನ ಬಿಟ್ಟದ್ದರಿಂದಲೇ ಸಾಯುತ್ತಿದ್ದಾರೆಂದು ಮನೆಯವರು ಗಾಬರಿಯಾಗಿ ಗಂಜಿ ಹೊಯ್ಯುವುದುಂಟು. ವಾಸ್ತವದಲ್ಲಿ ದೇಹ ಮುಗಿಯುತ್ತಿರುವುದರಿಂದಲೇ ಅನ್ನ ಬೇಡವಾಗಿರುತ್ತದೆ.

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ನಾಣ್ಣುಡಿಯ ಸೀಮೆಯಲ್ಲಿ ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ತೀರ್ಥ ಬಿಡುವುದು ಮಕ್ಕಳ ಕರ್ತವ್ಯವೆಂದು ಭಾವಿಸಲಾಗುತ್ತದೆ. ನುಂಗುವ ಶಕ್ತಿಯಿಲ್ಲದ ರೋಗಿಗೆ ಒಂದು ಚಮಚ ನೀರು ಶ್ವಾಸನಾಳಕ್ಕೆ ಇಳಿದು ಉಸಿರುಕಟ್ಟಬಹುದು. ಹಾಗೆಂದು ಆಚರಣೆಯನ್ನು ತಡೆಯಬೇಕಾಗಿಲ್ಲ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತುಳಸಿ ಹಾಕಿದ ನೀರಿನಲ್ಲಿ ಹತ್ತಿಯನ್ನು ಅದ್ದಿ, ಚೆನ್ನಾಗಿ ಹಿಂಡಿ, ತುಟಿ ಮತ್ತು ನಾಲಗೆಯನ್ನು ಒದ್ದೆಮಾಡುವುದನ್ನು ದಾದಿ ತೋರಿಸಿಕೊಡಬಹುದು. ಒಣಗಿದ ಬಾಯಿಗೆ ಮಾಡಬೇಕಾದ ವೈದ್ಯಕೀಯ ಶುಶ್ರೂಷೆಯೂ ಇದೇ. ಝಮ್‌ಝಮ್ ನೀರು ಕೊಡಬಯಸುವ ಮುಸ್ಲಿಂ ಮನೆಗೂ ಇದೇ ವಿಧಾನ ಒಪ್ಪುತ್ತದೆ.

ಪ್ರತಿಯೊಂದು ಸಮುದಾಯದಲ್ಲೂ ಗಮನಿಸಬೇಕಾದ ಸೂಕ್ಷ್ಮಗಳಿವೆ. ಮುಸ್ಲಿಂ ರೋಗಿಯ ಹಾಸಿಗೆಯನ್ನು ಕಿಬ್ಲಾದ ದಿಕ್ಕಿಗೆ ತಿರುಗಿಸುವುದು, ಕಿವಿಯ ಬಳಿ ಕಲಿಮಾ ಹೇಳಲು ಅವಕಾಶ ಕೊಡುವುದು ಕಷ್ಟದ ಕೆಲಸವಲ್ಲ. ಕ್ಯಾಥೊಲಿಕ್ ರೋಗಿಗಳು ಗುರುಗಳಿಂದ ಪವಿತ್ರ ತೈಲದ ಅಭ್ಯಂಗ ಬಯಸುತ್ತಾರೆ. ಪ್ರಜ್ಞೆ ಇರುವಾಗಲೇ ಗುರುಗಳಿಗೆ ಹೇಳಿಕಳುಹಿಸುವುದು ಒಳ್ಳೆಯದು. ಲಿಂಗಾಯತರ ಇಷ್ಟಲಿಂಗ, ಜನಿವಾರ, ತಾಯತ, ಮಾಂಗಲ್ಯಗಳನ್ನು ಸ್ಕ್ಯಾನಿಂಗ್‌ಗಾಗಲೀ ಗಾಯದ ಪಟ್ಟಿಗಾಗಲೀ ಕೇಳದೆ ತೆಗೆಯಬಾರದು.

ಆಹಾರವನ್ನು ಕ್ರಮೇಣ ತ್ಯಜಿಸಿ ಮರಣವನ್ನು ಬರಮಾಡಿಕೊಳ್ಳುವ ಜೈನರ ಸಲ್ಲೇಖನ ವ್ರತ ಜೀವನೀತಿಯ ವಿಶೇಷ ಪ್ರಶ್ನೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಈ ವ್ರತದ ಪ್ರಾಚೀನತೆಗೆ ಸಾಕ್ಷಿಯಾಗಿವೆ. ಶಿವಮೊಗ್ಗ ಜಿಲ್ಲೆಯ ಹುಂಚ ಕೂಡ ಪ್ರಸಿದ್ಧ ಜೈನ ಕ್ಷೇತ್ರ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಇದನ್ನು ಆತ್ಮಹತ್ಯೆಗೆ ಸಮವೆಂದು ಹೇಳಿತು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ವ್ರತ ಕೈಗೊಂಡವರಿಗೆ ಒತ್ತಾಯದಿಂದ ಆಹಾರ ನೀಡದೆ, ಒತ್ತಡವಿಲ್ಲದ ಸ್ವಂತ ಸಂಕಲ್ಪವೇ ಎಂದು ಖಚಿತಪಡಿಸಿಕೊಂಡು, ಅವರು ಒಪ್ಪುವಷ್ಟು ಮಟ್ಟಿಗೆ ಸಂಕಟ ಶಮನ ಮಾಡುವುದು ಉಪಶಾಮಕ ಆರೈಕೆಗೆ ಒಪ್ಪುವ ನಿಲುವು.

## ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ: ನ್ಯಾಯದ ಅಳತೆ

ಸಕ್ರೆಬೈಲು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿ, ಗಾಜನೂರಿನ ತುಂಗಾ ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿದೆ. ಶಿವಮೊಗ್ಗದ ಮೆಗ್ಗಾನ್ ಜಿಲ್ಲಾ ಬೋಧನಾ ಆಸ್ಪತ್ರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಸಿಮ್ಸ್‌ಗೆ, ಸೇರಿದ್ದು. ಆರೋಗ್ಯವಂತನಿಗೆ ಸಕ್ರೆಬೈಲಿನಿಂದ ಈ ಆಸ್ಪತ್ರೆಯವರೆಗಿನ ದೂರ ಅರ್ಧ ಗಂಟೆಯ ಬಸ್ ಪ್ರಯಾಣ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ರಸ್ತೆಯ ಪ್ರತಿ ಉಬ್ಬೂ ಒಂದು ಯಾತನೆ. ಭದ್ರಾವತಿಯ ಕಾರ್ಖಾನೆ ಕಾಲೊನಿಯ ನಿವೃತ್ತ ಕಾರ್ಮಿಕರಿಗೂ, ಹೊಸನಗರದ ಒಂಟಿಮನೆಯ ಅಜ್ಜಿಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ಈ ಆರೈಕೆಯ ಸರಿಯಾದ ಸ್ಥಳ ರೋಗಿಯ ಮನೆ. ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಸೇರಿದೆ. ಹಾಸಿಗೆ ಹಿಡಿದವರನ್ನು ಆಶಾ ಕಾರ್ಯಕರ್ತೆ ಗುರುತಿಸಿ, ಸಮುದಾಯ ಆರೋಗ್ಯಾಧಿಕಾರಿ ಮತ್ತು ದಾದಿ ಮನೆಗೆ ಭೇಟಿಕೊಟ್ಟು, ಕಠಿಣ ಪ್ರಕರಣಗಳನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು ಈ ವ್ಯವಸ್ಥೆಯ ಆಶಯ. ಘನತೆಯ ಮರಣದ ಹಕ್ಕನ್ನು ನ್ಯಾಯಾಲಯ ಕೊಟ್ಟಿದೆ. ನೋವಿಲ್ಲದೆ ಇರುವ ಹಕ್ಕು ಹಳ್ಳಿಯ ಮನೆಗೆ ತಲುಪದಿದ್ದರೆ ಆ ತೀರ್ಪು ನಗರದ ತೀವ್ರ ನಿಗಾ ಘಟಕದೊಳಗೇ ಉಳಿದುಬಿಡುತ್ತದೆ. ಚಿಕಿತ್ಸೆ ಬೇಡವೆನ್ನುವ ಮೊದಲು ಆರೈಕೆ ಸಿಗುವಂತಿರಬೇಕು. ಬಡತನದಿಂದ ಮನೆಗೆ ಮರಳಿದ್ದನ್ನು ಸ್ವಂತ ಆಯ್ಕೆಯೆಂದು ಬರೆದುಕೊಳ್ಳುವುದು ನೀತಿಯೂ ಅಲ್ಲ, ನ್ಯಾಯವೂ ಅಲ್ಲ.

## ಓದುಗರು ಮಾಡಬಹುದಾದದ್ದು

ಮನೆಯಲ್ಲಿ ಗಂಭೀರ ಕಾಯಿಲೆಯವರಿದ್ದರೆ ನೋವು ಶಮನದ ಬಗ್ಗೆ ವೈದ್ಯರನ್ನು ನೇರವಾಗಿ ಕೇಳಬೇಕು. ಮಾರ್ಫಿನ್ ಎಂಬ ಹೆಸರಿಗೆ ಹೆದರಬಾರದು. ಹಿರಿಯರು ಗಟ್ಟಿಯಾಗಿರುವಾಗಲೇ ಅವರ ಇಷ್ಟಾನಿಷ್ಟಗಳನ್ನು ಕೇಳಿ ತಿಳಿದು, ಅವರು ಒಪ್ಪಿದರೆ ಮುಂಗಡ ನಿರ್ದೇಶನ ಬರೆಸಬೇಕು. ಊರಿನ ಆರೋಗ್ಯ ಮಂದಿರದಲ್ಲಿ ಉಪಶಾಮಕ ಸೇವೆ ಇದೆಯೇ ಎಂದು ಗ್ರಾಮಸಭೆಯಲ್ಲಿ ಪ್ರಶ್ನಿಸಬೇಕು. ಬಿಡುವಿರುವವರು ವಾರಕ್ಕೊಂದು ಗಂಟೆ ನೆರೆಯ ರೋಗಿಯ ಬಳಿ ಕುಳಿತು ಅವರ ಮಾತು ಕೇಳಿದರೆ ಅದೂ ಆರೈಕೆಯೇ. ಗುಣಪಡಿಸುವುದು ಕೆಲವೊಮ್ಮೆ ಮಾತ್ರ ಸಾಧ್ಯ. ನೋವಿನಲ್ಲಿ ಯಾರನ್ನೂ ಒಂಟಿಯಾಗಿ ಬಿಡದಿರುವುದು ಎಲ್ಲರಿಗೂ, ಎಲ್ಲ ಕಾಲಕ್ಕೂ ಸಾಧ್ಯವಾದ ಕರ್ತವ್ಯ.